ಶಿವಗಂಗಮ್ಮನ ಕೊಕ್ಕರೆ ಅರ್ಜಿಗಳು

ಶಾಂತಿಗ್ರಾಮದಲ್ಲಿ ಬಸ್ಸಿಳಿದು ಒಳರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಹೋದರೆ ಮೂಡಲಕೊಪ್ಪಲು. ಊರಿನ ಕೊನೆಗೆ, ಕೆರೆ ಏರಿ ಶುರುವಾಗುವಲ್ಲಿ ಎರಡು ಹಳೆಯ ಹುಣಸೆಮರ. ಅವುಗಳ ಬುಡಕ್ಕೆ ಅಂಟಿಕೊಂಡಂತೆ ಶಿವಗಂಗಮ್ಮನ ಮನೆ. ಮರಗಳು ಪಂಚಾಯಿತಿಯವು, ನೆರಳು ಶಿವಗಂಗಮ್ಮನದು, ಮೇಲಿನಿಂದ ಬೀಳುವುದೆಲ್ಲವೂ ಅವಳದೇ.

ಬೀಳುವುದು ಹುಣಸೆಹಣ್ಣಷ್ಟೇ ಆಗಿದ್ದರೆ ಅವಳದೇನೂ ತಕರಾರಿರಲಿಲ್ಲ. ಸಂಕ್ರಾಂತಿ ಕಳೆದು ಚಳಿ ಸ್ವಲ್ಪ ಹಿಂದೆ ಸರಿಯಿತು ಎನ್ನುವಾಗ, ರಥಸಪ್ತಮಿಯ ಆಸುಪಾಸಿನಲ್ಲಿ, ಎಲ್ಲಿಂದಲೋ ಬಣ್ಣದ ಕೊಕ್ಕರೆಗಳು ಬರುತ್ತಿದ್ದವು. ಬಂದವು ಎರಡು ಮರಗಳನ್ನೂ ಹಂಚಿಕೊಂಡು, ಕಡ್ಡಿ ತಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು ಮರಿ ಮಾಡಿ, ಮುಂಗಾರು ಹಿಡಿಯುವ ಹೊತ್ತಿಗೆ ಹೊರಟುಹೋಗುತ್ತಿದ್ದವು. ಊರಿನವರಿಗೆ ಇದು ಶುಭ. ಕೊಕ್ಕರೆ ಬಂದ ವರ್ಷ ಕೆರೆ ಬತ್ತುವುದಿಲ್ಲ ಎಂದು ಹಿರಿಯರು ಹೇಳಿದ್ದರು. ಹಾಗೆ ಹೇಳಿದ ಹಿರಿಯರಲ್ಲಿ ಒಬ್ಬರ ಮನೆಯೂ ಹುಣಸೆಮರದ ಕೆಳಗಿರಲಿಲ್ಲ.

ಶಿವಗಂಗಮ್ಮನ ಕಸುಬು ಹಪ್ಪಳ ಸಂಡಿಗೆ. ಹಾಸನದ ಎರಡು ಅಂಗಡಿಗೂ ಶ್ರವಣಬೆಳಗೊಳದ ಒಂದು ಖಾನಾವಳಿಗೂ ಅವಳ ಅರಳು ಸಂಡಿಗೆಯೇ ಆಗಬೇಕು. ಸಂಡಿಗೆಗೆ ಬೇಕಾದದ್ದು ಮಾಘ, ಫಾಲ್ಗುಣ, ಚೈತ್ರದ ಒಣ ಬಿಸಿಲು. ಕೊಕ್ಕರೆಗಳಿಗೆ ಬೇಕಾದದ್ದೂ ಅದೇ ಮೂರು ತಿಂಗಳು. ಬೆಳಗಿನ ಜಾವ ಎದ್ದು ಹಿಟ್ಟು ಬೇಯಿಸಿ, ಅಂಗಳದಲ್ಲಿ ಮಂಚ ಹಾಕಿ, ಮೇಲೆ ಹಳೇ ಪಂಚೆ ಹರವಿ, ಸಾಲಾಗಿ ಸಂಡಿಗೆ ಒತ್ತಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮೇಲಿನಿಂದ ಸುಣ್ಣ ಎರಚಿದಂತೆ ಹಿಕ್ಕೆ. ಹಿಕ್ಕೆಯಾದರೂ ತೊಳೆದರೆ ಹೋದೀತು. ಮೀನು ಬೀಳುತ್ತಿತ್ತು. ಅರ್ಧ ತಿಂದ ಮೀನು, ಪೂರ್ತಿ ತಿನ್ನದ ಮೀನು, ಒಮ್ಮೊಮ್ಮೆ ಇನ್ನೂ ಬಾಲ ಆಡಿಸುವ ಮೀನು. ಶಿವಗಂಗಮ್ಮನದು ಬೆಳಿಗ್ಗೆ ಹಣೆಗೆ ವಿಭೂತಿ ಇಡದೆ ಒಲೆ ಹಚ್ಚದ ಮನೆ. ಏಳು ತಲೆಮಾರಿನಲ್ಲಿ ಮೀನಿನ ಮುಳ್ಳು ಹೊಸಿಲು ದಾಟಿದ್ದಿಲ್ಲ. ಈಗ ಅದು ಹೊಸಿಲಿನಿಂದ ಬಾರದೆ ಆಕಾಶದಿಂದ ಬರುತ್ತಿತ್ತು.

ಅವಳು ಎಣ್ಣೆ ಡಬ್ಬ ಬಡಿದಳು. ಕೊಕ್ಕರೆಗಳು ಮೊದಲ ದಿನ ಹಾರಿದವು, ಎರಡನೆಯ ದಿನ ಕತ್ತು ತಿರುಗಿಸಿದವು, ಮೂರನೆಯ ದಿನ ತಾವೂ ಕೊಕ್ಕು ಕಟಕಟ ಬಡಿದು ತಾಳ ಹಾಕಿದವು. ಗಂಡ ಗೌರೀಶಂಕರ ಮಾತು ಕಮ್ಮಿಯ ಮನುಷ್ಯ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿಬರುವುದು ಬಿಟ್ಟರೆ ಯಾವುದರಲ್ಲೂ ತಲೆ ಹಾಕುವವನಲ್ಲ. "ನೀನು ಡಬ್ಬ ಬಡಿಯದು ನೋಡಿ ಅವು ಓಲಗ ಅನ್ಕಂಡವೆ ಕಣೆ," ಎಂದ. ಆ ವರ್ಷ ಅವನು ಆಡಿದ ಅತಿ ಉದ್ದದ ಮಾತು ಅದು.

ಕೊನೆಗೆ ಶಿವಗಂಗಮ್ಮ ಪಂಚಾಯಿತಿ ಆಫೀಸಿಗೆ ಹೋಗಿ, ಮರ ಕಡಿಸಿಕೊಡಿ ಎಂದು ಕೇಳಿದಳು. ಆಗಿದ್ದ ಕಾರ್ಯದರ್ಶಿಗೆ ಊಟಕ್ಕೆ ಹೊತ್ತಾಗಿತ್ತು.

"ಬಾಯಲ್ಲಿ ಹೇಳಿದ್ರೆ ಏನೂ ಆಗಲ್ಲಮ್ಮ," ಎಂದ ಅವನು, "ಬರವಣಿಗೇಲಿ ಕೊಡಬೇಕು. ಯಾವತ್ತು ಬಂದ್ವು, ಎಷ್ಟು ಬಂದ್ವು, ಏನೇನು ನಷ್ಟ ಮಾಡಿದ್ವು, ಎಲ್ಲ ಆಧಾರ ಸಮೇತ."

ಇಷ್ಟು ಹೇಳಿದರೆ ಈ ಹೆಂಗಸು ಮತ್ತೆ ಬರುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಶಿವಗಂಗಮ್ಮ ಏಳನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ಮುತ್ತು ಪೋಣಿಸಿದಂತೆ ಬರೆಯುವವಳು ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಒಂದು ವಾರ ಕಳೆದು ಅರ್ಜಿ ಬಂತು.

"ಮಾನ್ಯರೇ, ಫೆಬ್ರವರಿ ಮೂರನೇ ತಾರೀಕು ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆರೆ ಕಡೆಯಿಂದ ಹದಿನಾಲ್ಕು ಕೊಕ್ಕರೆಗಳು ಏಕಾಏಕಿ ಆಗಮಿಸಿ, ದೊಡ್ಡ ಮರದ ಮೇಲೆ ಅಕ್ರಮವಾಗಿ ವಾಸ ಹೂಡಿರುತ್ತವೆ. ಗುರುತು: ಹಳದಿ ಕೊಕ್ಕು, ಕೂದಲಿಲ್ಲದ ಕೆಂಪು ಮುಖ, ಬಾಲದ ಹತ್ತಿರ ಗುಲಾಬಿ ಬಣ್ಣ. ಮಾರನೆಯ ದಿನ ಇನ್ನೂ ಒಂಬತ್ತು ಸೇರಿಕೊಂಡು ಒಟ್ಟು ಇಪ್ಪತ್ತಮೂರು ಆಗಿರುತ್ತವೆ. ದಯಮಾಡಿ ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

ಕಾರ್ಯದರ್ಶಿ ಸೀಲು ಹೊಡೆದು ಸ್ವೀಕೃತಿ ಕೊಟ್ಟ. ಸೀಲು ಬಿದ್ದ ಮೇಲೆ ಕೆಲಸ ಆದಂತೆಯೇ ಎಂದು ಶಿವಗಂಗಮ್ಮ ನಂಬಿದಳು. ಕೆಲಸ ಆಗಲಿಲ್ಲ. ಆಧಾರ ಸಾಲದಾಯಿತೇನೋ ಎಂದುಕೊಂಡು ಮುಂದಿನ ವರ್ಷ ಇನ್ನೂ ವಿವರವಾಗಿ ಬರೆದಳು. ಗೂಡು ಎಷ್ಟು, ಯಾವ ಕೊಂಬೆಯಲ್ಲಿ, ಯಾವ ಗೂಡಿನಲ್ಲಿ ಎಷ್ಟು ಮರಿ, ಯಾವ ದಿನ ಯಾವ ಜಾತಿಯ ಮೀನು ಬಿತ್ತು. ಮೀನಿನ ಜಾತಿ ಅವಳಿಗೆ ತಿಳಿಯುತ್ತಿರಲಿಲ್ಲ. ಕೆರೆಯಲ್ಲಿ ಮೀನು ಹಿಡಿಯುವ ಲಕ್ಕಯ್ಯನನ್ನು ಕರೆದು, ಬಿದ್ದದ್ದನ್ನು ಕಡ್ಡಿಯಲ್ಲಿ ತೋರಿಸಿ, ಮೂಗು ಮುಚ್ಚಿಕೊಂಡು ಹೆಸರು ಕೇಳಿ ಬರೆದುಕೊಳ್ಳುತ್ತಿದ್ದಳು. ಕಾರ್ಯದರ್ಶಿಗಳು ಬದಲಾದರು, ಪಂಚಾಯಿತಿಯ ಬಣ್ಣ ಬದಲಾಯಿತು, ಕಾರ್ಯದರ್ಶಿಯ ಮೇಲೆ ಪಿಡಿಒ ಎಂಬ ಹೊಸ ಅಧಿಕಾರಿಯೇ ಬಂದ. ಶಿವಗಂಗಮ್ಮನ ಅರ್ಜಿ ಮಾತ್ರ ಕೊಕ್ಕರೆಗಳ ಹಾಗೆ ವರ್ಷಾ ವರ್ಷ ತಪ್ಪದೆ ಬರುತ್ತಿತ್ತು. ಹದಿನೈದು ಅರ್ಜಿ, ಹದಿನೈದು ಸೀಲು.

ಈಗ್ಗೆ ಎರಡು ವರ್ಷದ ಹಿಂದೆ, ಜನವರಿಯ ಕೊನೆಯಲ್ಲಿ, ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುವ ನಿಧಿ ಎಂಬ ಹುಡುಗಿ ಸ್ಕೂಟರಿನಲ್ಲಿ ಮೂಡಲಕೊಪ್ಪಲಿಗೆ ಬಂದಳು. ಕೊರಳಲ್ಲಿ ದುರ್ಬೀನು, ಬೆನ್ನಿಗೆ ಬ್ಯಾಗು. ವಲಸೆ ಬರುವ ಹಕ್ಕಿಗಳು ಮೊದಲಿಗಿಂತ ಬೇಗ ಬರುತ್ತಿವೆಯೋ ತಡವಾಗಿ ಬರುತ್ತಿವೆಯೋ ಎನ್ನುವುದು ಅವಳ ಅಧ್ಯಯನದ ವಿಷಯ. ಹಳೆಯ ದಾಖಲೆ ಏನಾದರೂ ಇದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿದಾಗ ಪಿಡಿಒ ರವೀಂದ್ರ ನಕ್ಕು, ಅಲಮಾರಿನ ಮೇಲಿದ್ದ ಒಂದು ಕಡತದ ಧೂಳು ಕೊಡವಿ ಅವಳ ಮುಂದಿಟ್ಟ. "ಹಕ್ಕಿ ವಿಷಯ ನಮ್ಮ ಹತ್ರ ಇರೋದು ಇದೊಂದೇ. ನಗು ಬಂದ್ರೆ ನನ್ನ ಬೈಕೋಬೇಡಿ."

ನಿಧಿಗೆ ನಗು ಬರಲಿಲ್ಲ. ಅವಳು ಊಟ ಬಿಟ್ಟು ಹದಿನೈದು ಅರ್ಜಿಗಳನ್ನೂ ಓದಿ, ಮಧ್ಯಾಹ್ನ ಮೂರಕ್ಕೆ ಹುಣಸೆಮರದ ಕೆಳಗೆ ಬಂದು ನಿಂತಳು. ಅವಳ ಕೈಯಲ್ಲಿ ಪಂಚಾಯಿತಿಯ ಕಡತ ಕಂಡದ್ದೇ ಶಿವಗಂಗಮ್ಮನಿಗೆ ಹದಿನೈದು ವರ್ಷದ ಬಾಯಾರಿಕೆ ಒಂದೇ ಸಲ ತೀರಿದಂತಾಯಿತು.

"ಬಂದ್ರಾ ತಾಯಿ! ಬನ್ನಿ, ಕೂತ್ಕಳಿ. ಏನೂಂದ್ರೆ, ಇಲ್ ನೋಡಿ, ಮರ ಕಡಿಯಕ್ಕೆ ಆಫೀಸರಮ್ಮನೇ ಬಂದವ್ರೆ!" ಎಂದು ಗಂಡನನ್ನು ಕೂಗಿದಳು.

"ಅಯ್ಯೋ, ಕಡಿಯೋಕಲ್ಲಮ್ಮ," ಎಂದಳು ನಿಧಿ. "ನಾನು ಕೊಕ್ಕರೆ ನೋಡೋಕೆ ಬಂದಿದ್ದು."

"ನೋಡದೇನೈತೆ ಅದ್ರಲ್ಲಿ? ನಾನೆಲ್ಲ ಬರ್ದಿವ್ನಲ್ಲ."

"ಅದಕ್ಕೇ ಬಂದೆ. ಹದಿನೈದು ವರ್ಷ ಒಂದೇ ಜಾಗದಲ್ಲಿ, ತಾರೀಕು, ಗಂಟೆ, ಗೂಡು, ಮರಿ ಎಲ್ಲ ಬರೆದಿಟ್ಟಿರೋರು ಈ ಜಿಲ್ಲೇಲೇ ಯಾರೂ ಇಲ್ಲಮ್ಮ. ದೊಡ್ಡ ದೊಡ್ಡ ಪುಸ್ತಕದಲ್ಲೂ ಇದಿಲ್ಲ."

ಶಿವಗಂಗಮ್ಮನ ಮುಖ ಬಾಡಿತು. "ನಾನು ಬರ್ದಿದ್ದು ಅವುನ್ನ ಓಡ್ಸಕ್ಕೆ ಕಣವ್ವ. ಅವು ಚೆಂದಾಗವೆ ಅಂತ ಬರೀಲಿಲ್ಲ."

"ಬೈಕೊಂಡೇ ಬರೆದ್ರೂ ಬರೆದಿದ್ದು ನಿಜ ತಾನೆ?" ನಿಧಿ ಕೇಳಿದಳು.

ನಿಧಿ ಪ್ರಾಮಾಣಿಕ ಹುಡುಗಿ. ಅರ್ಜಿಗಳ ಹಿಂದಿನ ಉದ್ದೇಶವನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಆದರೆ ಸುದ್ದಿಗೆ ಕಾಲು ಬಂದರೆ ದಾರಿಯಲ್ಲಿ ಹೊಸ ಬಟ್ಟೆ ತೊಟ್ಟುಕೊಳ್ಳುತ್ತದೆ. ಒಬ್ಬರಿಂದೊಬ್ಬರಿಗೆ ದಾಟಿ, ಹಾಸನದ ಪರಿಸರ ಬಳಗದ ಕಿವಿಗೆ ಬಿದ್ದಾಗ ಅದು, ಹಳ್ಳಿಯ ಹೆಂಗಸೊಬ್ಬಳು ಹದಿನೈದು ವರ್ಷದಿಂದ ಕೊಕ್ಕರೆಗಳನ್ನು ಮಕ್ಕಳಂತೆ ನೋಡಿಕೊಂಡು ಬಂದಿದ್ದಾಳೆ ಎಂದಾಗಿತ್ತು. ಫೆಬ್ರವರಿ ಕೊನೆಯ ಭಾನುವಾರ ಸನ್ಮಾನ ಎಂದು ಆಹ್ವಾನ ಪತ್ರಿಕೆ ಬಂತು. ಹೆಸರಿನ ಕೆಳಗೆ 'ಪಕ್ಷಿಮಾತೆ' ಎಂದು ಅಚ್ಚಾಗಿತ್ತು.

"ಓಗಲ್ಲ ಅನ್ನು," ಎಂದ ಗೌರೀಶಂಕರ.

"ಯಾಕೋಗಬಾರ್ದು? ಅರಣ್ಯ ಇಲಾಖೆ ದೊಡ್ಡ ಸಾಹೇಬ್ರು ಬತ್ತಾರಂತೆ. ಮರ ಕಡಿಯಾ ಪರ್ಮಿಷನ್ನು ಕೊಡೋರೆ ಅವ್ರು. ಅರ್ಜಿ ಕೈಗೇ ಕೊಟ್ಟುಬತ್ತೀನಿ."

ಹಾಗೆ ಹದಿನಾರನೇ ಅರ್ಜಿ ಅವಳ ಸೆರಗಿನಲ್ಲಿ ಮಡಿಸಿಕೊಂಡು ಹಾಸನಕ್ಕೆ ಹೋಯಿತು. ವೇದಿಕೆಯಲ್ಲಿ ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು, ಗಂಧದ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿತ್ತರು. ಪೇಟ ಕಣ್ಣಿನ ಮೇಲೆ ಜಾರುತ್ತಿತ್ತು. ಒಂದು ಕೈಯಲ್ಲಿ ಪೇಟ, ಇನ್ನೊಂದರಲ್ಲಿ ಬುಟ್ಟಿ ಹಿಡಿದುಕೊಂಡೇ ಅವಳು ಹೇಗೋ ಸೆರಗಿನಿಂದ ಅರ್ಜಿ ತೆಗೆದು ಸಾಹೇಬರ ಮುಂದೆ ಚಾಚಿದಳು.

"ಸಾ, ಇದೊಂದ್ ನೋಡ್ಬುಡಿ ಸಾ. ನಮ್ಮೂರ ಮರದ ಇಸ್ಯ."

ಸಾಹೇಬರಿಗೆ ಇನ್ನೂ ಎರಡು ಕಾರ್ಯಕ್ರಮವಿತ್ತು. ಅವರು ಅರ್ಜಿಯನ್ನು ಬಿಚ್ಚಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದು ಕ್ಯಾಮೆರಾಗಳ ಕಡೆ ತಿರುಗಿದರು. "ನೋಡಿ, ಸನ್ಮಾನದ ಹೊತ್ತಿನಲ್ಲೂ ಈ ತಾಯಿಗೆ ತನ್ನ ಊರಿನ ಮರದ್ದೇ ಚಿಂತೆ!" ಸಭೆ ಚಪ್ಪಾಳೆ ತಟ್ಟಿತು. ಮಾರನೆಯ ದಿನದ ಪೇಪರಿನಲ್ಲಿ ಫೋಟೋ ಬಂತು. ಕೆಳಗೆ, 'ಹುಣಸೆಮರಗಳ ಸಂರಕ್ಷಣೆಗೆ ಪಕ್ಷಿಮಾತೆ ಶಿವಗಂಗಮ್ಮ ಮನವಿ.'

ಹದಿನೈದು ವರ್ಷ ಅಲುಗದ ಕಡತ ಈಗ ಹದಿನೈದು ದಿನದಲ್ಲಿ ಓಡಿತು. ಅಳತೆಯವರು ಬಂದರು, ಮರಗಳ ಸುತ್ತ ಕಲ್ಲುಕಂಬ ನೆಟ್ಟರು, ತಂತಿ ಎಳೆದರು, ಹಸಿರು ಬೋರ್ಡು ನಿಲ್ಲಿಸಿದರು. ಈ ಮರಗಳ ಒಂದು ಟೊಂಗೆ ಮುರಿದರೂ ಶಿಕ್ಷೆ, ಹಕ್ಕಿಗಳಿಗೆ ತೊಂದರೆ ಕೊಟ್ಟರೂ ಶಿಕ್ಷೆ. ಬೋರ್ಡಿನ ಕೊನೆಯ ಸಾಲು, 'ಶ್ರೀಮತಿ ಶಿವಗಂಗಮ್ಮನವರ ಕೋರಿಕೆಯ ಮೇರೆಗೆ.' ಗೌರೀಶಂಕರ ಅದರ ಮುಂದೆ ನಿಂತು ಎರಡು ಸಲ ಓದಿ, ಏನೂ ಹೇಳದೆ ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೋದ. ಆ ಮೌನವನ್ನು ಅವಳು ಇಂದಿಗೂ ಕ್ಷಮಿಸಿಲ್ಲ.

ಆಮೇಲೆ ಜನ ಬರತೊಡಗಿದರು. ಭಾನುವಾರ ಬಂತೆಂದರೆ ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಕಾರುಗಳು. ಮಾರುದ್ದದ ಕ್ಯಾಮೆರಾಗಳು. ಅಂಗಳದಲ್ಲಿ ಸಂಡಿಗೆಯ ಮಂಚ ಕಂಡರೆ, "ಆಂಟಿ, ಫ್ರೇಮಿಗೆ ಅಡ್ಡ ಬರ್ತಿದೆ, ಸ್ವಲ್ಪ ಆಕಡೆ ಎಳೀತೀರಾ?" ಡಬ್ಬ ಬಡಿಯುವ ಹಾಗಿಲ್ಲ, ಬೈಯುವ ಹಾಗಿಲ್ಲ. ಪಕ್ಷಿಮಾತೆ ಪಕ್ಷಿಗಳನ್ನು 'ದರಿದ್ರದವೇ' ಎಂದರೆ ಜನ ಏನಂದಾರು? ಒಂದು ದಿನ ಒಂದಿಡೀ ಮಂಚದ ಸಂಡಿಗೆ ಹಿಕ್ಕೆ ಬಿದ್ದು ಹಾಳಾದಾಗ, ಬಂದವರ ಮುಂದೆ ನಗುಮುಖ ಹೊತ್ತು ನಿಂತಿದ್ದವಳು, ಅವರ ಕಾರು ತಿರುವು ದಾಟಿದ್ದೇ ನೇರ ಪಂಚಾಯಿತಿಗೆ ನಡೆದಳು.

"ಸಾ, ನಂಗೆ ಮಹಡಿ ಬೀಗ ಕೊಡಿ."

"ಯಾವ ಮಹಡಿಯಮ್ಮ?" ಎಂದ ರವೀಂದ್ರ.

"ಈ ಆಫೀಸಿಂದು. ಮೇಲೆ ಒಂದು ಮರ ಇಲ್ಲ, ನೆಳ್ಳಿಲ್ಲ. ಸಂಡಿಗೆ ಅಲ್ಲೊಣಗಿಸ್ತೀನಿ. ಕೊಡಕಿಲ್ಲ ಅಂದ್ರೆ ಪೇಪರ್‌ನೋರು ಬಂದಾಗ ನಾನ್ ಬರ್ದಿದ್ ಅರ್ಜೀಲಿ ನಿಜವಾಗ್ಲೂ ಏನಿತ್ತು ಅಂತ ಓದಿ ಏಳ್ತೀನಿ. ಹದಿನೈದಕ್ಕೂ ನಿಮ್ಮಾಫೀಸಿನ ಸೀಲೈತೆ."

ರವೀಂದ್ರ ಸರ್ಕಾರಿ ಕಟ್ಟಡ, ನಿಯಮ, ಮೇಲಿನವರು ಎಂದೆಲ್ಲ ಶುರುಮಾಡಿದವನು ಅರ್ಧಕ್ಕೆ ನಿಲ್ಲಿಸಿ ಡ್ರಾಯರಿನಿಂದ ಬೀಗದ ಕೈ ತೆಗೆದುಕೊಟ್ಟ. ಪಂಚಾಯಿತಿ ಅವಳ ವಿಚಾರದಲ್ಲಿ ಕೈಗೊಂಡ ಮೊದಲ ಕ್ರಮ ಅದು. ಅಂದಿನಿಂದ ಮೂಡಲಕೊಪ್ಪಲಿನ ಪಂಚಾಯಿತಿಯಲ್ಲಿ ಕೆಳಗೆ ಕಡತ ಒಣಗುತ್ತದೆ, ಮೇಲೆ ಸಂಡಿಗೆ ಒಣಗುತ್ತದೆ. ಎರಡರಲ್ಲಿ ಯಾವುದು ಬೇಗ ಜನರ ಕೈ ಸೇರುತ್ತದೆ ಎಂದು ಯಾರಿಗೂ ಅನುಮಾನವಿಲ್ಲ.

ಹೀಗೆ ಅವಳಿಗೂ ಕೊಕ್ಕರೆಗಳಿಗೂ ನಡುವೆ ಜಗಳಕ್ಕೆ ಕಾರಣವೇ ಇಲ್ಲದಂತಾದ ಮರುವರ್ಷ, ಕೊಕ್ಕರೆಗಳು ಬರಲಿಲ್ಲ.

ರಥಸಪ್ತಮಿ ಬಂತು, ಹೋಯಿತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವಳು ಕೆರೆ ಕಡೆ ನೋಡಿದಳು. ಕೆರೆಯಲ್ಲಿ ಹೂಳೆತ್ತುವ ಕೆಲಸ ನಡೆದಿತ್ತು, ಎರಡು ಜೆಸಿಬಿ ಹಗಲೆಲ್ಲ ಗುಡುಗುಡು ಎನ್ನುತ್ತಿದ್ದವು. ಬಾರದಿದ್ದರೆ ಪೀಡೆ ಕಳೆಯಿತು ಎಂದು ಗಟ್ಟಿಯಾಗಿ, ಗಂಡನಿಗೆ ಕೇಳುವಂತೆ ಹೇಳಿದಳು. ಮಧ್ಯಾಹ್ನ ಮತ್ತೆ ಬಂದು ನೋಡಿದಳು. ಹತ್ತು ದಿನ ಕಳೆಯುವಷ್ಟರಲ್ಲಿ ಭಾನುವಾರದ ಕಾರುಗಳು ಬಂದು ಬರಿಯ ಮರದ ಫೋಟೋ ತೆಗೆದುಕೊಂಡು ಹೋಗಲಾರಂಭಿಸಿದವು. ಒಬ್ಬಾತ ಅವಳನ್ನೇ ಕೇಳಿದ, "ಯಾಕಮ್ಮ ಬಂದಿಲ್ಲ? ನೀವು ಏನಾದ್ರೂ ತೊಂದ್ರೆ ಕೊಟ್ರಾ? ಹಿಂದೆ ಡಬ್ಬ ಬಡೀತಿದ್ರಂತೆ?"

ಊರಿನ ಯಾರೋ ಹೇಳಿರಬೇಕು. ಶಿವಗಂಗಮ್ಮನಿಗೆ ಸಿಟ್ಟು ಬಂತು. "ಓದ್ವರ್ಸ ಎಂಬತ್ತಾರು ಬಂದಿದ್ವು, ಮೂವತ್ತೊಂಬತ್ತು ಗೂಡು. ನಾನ್ ಬಡ್ದಿದ್ರೆ ಬತ್ತಿದ್ವಾ?" ಎಂದು ಕೂಗಾಡಿದಳು. ಅವನು ಹೋದ ಮೇಲೂ ಸಿಟ್ಟು ಇಳಿಯಲಿಲ್ಲ. ನಿಧಿಗೆ ಫೋನು ಮಾಡಿದಳು.

"ಹೂಳು ಎತ್ತೋ ಸದ್ದಿಗೆ ಇರಬಹುದಮ್ಮ," ಎಂದಳು ನಿಧಿ. "ಅಥವಾ ಬೇರೆ ಕೆರೆ ಹುಡುಕಿಕೊಂಡಿರಬಹುದು."

"ಬೇರೆ ಕೆರೆಯಾ? ಇಷ್ಟ್ ವರ್ಸ ನಮ್ಮನೆ ಮೇಲೆ ಉಚ್ಚಿಕೊಂಡು, ಈಗ ಬೇರೆ ಕೆರೆಯಾ?"

ಆ ಮಾತಿನಲ್ಲಿದ್ದದ್ದು ಕೋಪವೋ ಇನ್ನೇನೋ ನಿಧಿಗೆ ತಿಳಿಯಲಿಲ್ಲ. ಶಿವಗಂಗಮ್ಮನಿಗೂ ತಿಳಿದಿರಲಿಕ್ಕಿಲ್ಲ. ಆ ದಿನಗಳಲ್ಲಿ ಅವಳು ಪಂಚಾಯಿತಿ ಮಹಡಿಯಲ್ಲಿ ಸಂಡಿಗೆ ಒತ್ತಿ, ಕಾಯುವ ನೆಪದಲ್ಲಿ ಕೊಡೆ ಹಿಡಿದು ಅಲ್ಲೇ ಕೂತಿರುತ್ತಿದ್ದಳು. ಅಲ್ಲಿಂದ ಕೆರೆ ಪೂರ್ತಿ ಕಾಣುತ್ತದೆ.

ಶಿವರಾತ್ರಿ ಕಳೆದು ಮೂರನೆಯ ದಿನ ಒಂದು ಜೆಸಿಬಿ ಕೆಟ್ಟು ನಿಂತಿತು. ಇನ್ನೊಂದು ಅದನ್ನು ಸರಿಮಾಡಿಸಲು ಎಳೆದುಕೊಂಡು ಹೋಯಿತು. ಕೆರೆಯಲ್ಲಿ ಸದ್ದಡಗಿದ ಐದನೆಯ ಬೆಳಿಗ್ಗೆ ಒಂದೇ ಒಂದು ಕೊಕ್ಕರೆ ಬಂದು, ಮರಗಳ ಮೇಲೆ ಎರಡು ಸುತ್ತು ಹಾಕಿ, ಮನೆ ಬಾಡಿಗೆಗೆ ನೋಡಲು ಬಂದವರ ಹಾಗೆ ಕೊಂಬೆ ಕೊಂಬೆ ನೋಡಿ ಹೊರಟುಹೋಯಿತು. ಮಾರನೆಯ ದಿನ ಹನ್ನೊಂದು ಬಂದವು. ಶಿವಗಂಗಮ್ಮ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು ತಲೆ ಎತ್ತಿ, "ಈಗ ದಾರಿ ಗೊತ್ತಾಯ್ತೇನ್ರೇ ಮುಂಡೇವಾ?" ಎಂದಳು. ಹನ್ನೊಂದೂ ಕೊಕ್ಕು ಬಡಿದವು.

ಅವತ್ತೇ ಹೋಗಿ ಹದಿನೇಳನೇ ಅರ್ಜಿ ಕೊಟ್ಟಳು. "ಈ ಸಾಲಿನಲ್ಲಿ ಕೊಕ್ಕರೆಗಳು ಮೂವತ್ತು ದಿನ ತಡವಾಗಿ ಆಗಮಿಸಿದ್ದು, ಇದಕ್ಕೆ ಜೆಸಿಬಿಯೇ ಕಾರಣವಾಗಿರುತ್ತದೆ. ಮುಂದೆ ಹೂಳೆತ್ತುವ ಕೆಲಸವನ್ನು ಸಂಕ್ರಾಂತಿಯೊಳಗೆ ಮುಗಿಸಬೇಕಾಗಿ ವಿನಂತಿ." ರವೀಂದ್ರ ಓದಿ, "ಬರಬಾರದು ಅಂತ ಹದಿನಾರು, ಯಾಕೆ ತಡ ಅಂತ ಒಂದು. ಯಾವುದಕ್ಕಮ್ಮ ಕ್ರಮ ಕೈಗೊಳ್ಳಲಿ?" ಎಂದ.

"ನೀವು ಯಾವ್ದುಕ್ ತಾನೆ ಕೈಗೊಂಡ್ರಿ, ಸೀಲ್ ವಡೀರಿ ಸಾ," ಎಂದಳು ಅವಳು.

ಮುಂದಿನ ದಿನಗಳಲ್ಲಿ ಉಳಿದವೂ ಬಂದು ಎರಡೂ ಮರ ತುಂಬಿದವು. ಏಪ್ರಿಲ್ ಕೊನೆಯಲ್ಲಿ ಒಂದು ಗಾಳಿಮಳೆಗೆ ಗೂಡೊಂದು ಕಳಚಿ, ಮರಿಯೊಂದು ಸೀಗೆಪೊದೆಯ ಮೇಲೆ ಬಿತ್ತು. ಕಾಲಿಗೆ ಪೆಟ್ಟಾಗಿತ್ತು. ಅರಣ್ಯ ಇಲಾಖೆಯವರಿಗೆ ಫೋನು ಮಾಡಿದರೆ ಜೀಪು ಅರಕಲಗೂಡಿನ ಕಡೆ ಹೋಗಿದೆ, ಎರಡು ದಿನ ನೋಡಿಕೊಳ್ಳಿ, ಪುಟ್ಟ ಮೀನು ತಿನ್ನಿಸಿ ಎಂದರು. ಶಿವಗಂಗಮ್ಮ ಮೊದಲು ಅನ್ನ ಇಟ್ಟಳು. ಹಾಲು ಇಟ್ಟಳು. ಮೊಸರನ್ನ ಕಲಸಿ ಇಟ್ಟಳು. ಮರಿ ಅವಳನ್ನೇ ನೋಡುತ್ತ ಬಾಯಿ ತೆರೆದು ಕಿರುಚುತ್ತಿತ್ತು, ಒಂದನ್ನೂ ಮೂಸಲಿಲ್ಲ. ಗೌರೀಶಂಕರ ಈ ವ್ಯವಹಾರ ತನ್ನದಲ್ಲ ಎಂದು ಕೊಟ್ಟಿಗೆಗೆ ಹೋಗಿ ಕೂತ. ಕೊನೆಗೆ ಅವಳೇ ವಿಭೂತಿಯ ಹಣೆ ಮುಚ್ಚುವಂತೆ ಸೆರಗು ಎಳೆದುಕೊಂಡು ಏರಿಯ ಮೇಲೆ ಲಕ್ಕಯ್ಯನನ್ನು ಹುಡುಕಿಕೊಂಡು ಹೋದಳು.

"ಲಕ್ಕಯ್ಯ, ಒಂದು ಹಿಡಿ ಸಣ್ಮೀನು ಕೊಡು. ಅಕ್ಕೀಗೆ."

ಲಕ್ಕಯ್ಯ ಅವಳ ಮುಖ ನೋಡಿದ. ಸುತ್ತಮುತ್ತ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಹೇಳಿದ, "ಕೊಡ್ತೀನಿ ಕಣವ್ವ. ನಿಮ್ ಕಡೆಯೋರು ಬಂದಾಗೆಲ್ಲ ಅಂಗೇ ಅನ್ನದು. ನಾನ್ಯಾರ್ಗೂ ಏಳಕಿಲ್ಲ ಬುಡು. ಸಾರ್ಗೆ ಉಣಸೆ ಉಳಿ ಮುಂದಾಗಿರ್ಲಿ, ವಾಸ್ನೆ ವಡಿಯಾಕಿಲ್ಲ."

ಅವಳು ಎಷ್ಟು ಆಣೆ ಇಟ್ಟರೂ ಅವನು ತಲೆಯಾಡಿಸಿ ನಗುತ್ತಲೇ ಇದ್ದ. ಎರಡು ದಿನ ನೋಡಿಕೊಳ್ಳಿ ಎಂದವರ ಜೀಪು ಹನ್ನೆರಡು ದಿನ ಬರಲಿಲ್ಲ. ಹನ್ನೆರಡು ದಿನವೂ ಬೆಳಿಗ್ಗೆ ಅವಳು ಏರಿಗೆ ಹೋದಳು, ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಇಕ್ಕಳದಲ್ಲಿ ಮೀನು ಹಿಡಿದು ಮರಿಯ ಬಾಯಿಗೆ ಹಾಕಿದಳು, ಮೊದಲ ಆರು ದಿನ ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಏಳನೆಯ ದಿನದಿಂದ ಬರೀ ಕೈ ತೊಳೆದುಕೊಂಡಳು. ಮರಿ ಅವಳ ಸೀರೆ ಕಂಡರೆ ಸಾಕು, ಕುಂಟುತ್ತ ಎದ್ದು ಬರುತ್ತಿತ್ತು.

ಹದಿಮೂರನೆಯ ದಿನ ಜೀಪು ಬಂದು ಅದನ್ನು ತೆಗೆದುಕೊಂಡು ಹೋಯಿತು. ಜೂನಿನಲ್ಲಿ ನಿಧಿ ಫೋನು ಮಾಡಿ, ಮರಿಯ ಕಾಲು ಸರಿಹೋಗಿದೆ, ನೆನ್ನೆ ನಿಮ್ಮ ಕೆರೆಯ ಅಂಚಿನಲ್ಲೇ ಬಿಟ್ಟಿದ್ದಾರಂತೆ ಎಂದಳು.

"ಬುಟ್ರೆ ಬುಡ್ಲಿ," ಎಂದಳು ಶಿವಗಂಗಮ್ಮ. ಫೋನಿಟ್ಟವಳು ಸ್ವಲ್ಪ ಹೊತ್ತು ಬಿಟ್ಟು, ಏರಿ ಆಚೆ ಸೀಗೆಕಾಯಿ ಬಿದ್ದಿದೆಯೋ ನೋಡಬೇಕು ಎಂದು ಗಂಡನ ಟಿವಿಎಸ್ ಹತ್ತಿದಳು. ಜೂನಿನಲ್ಲಿ ಎಂಥ ಸೀಗೆಕಾಯಿ ಎಂದು ಗೌರೀಶಂಕರ ಕೇಳಲಿಲ್ಲ.

ಕೆರೆಯ ಅಂಚಿನಲ್ಲಿ ಆ ವರ್ಷದ ಮರಿಗಳು ಐವತ್ತೋ ಅರವತ್ತೋ ಕೆಸರಿನಲ್ಲಿ ನಿಂತಿದ್ದವು. ಇನ್ನೂ ಬಣ್ಣ ತುಂಬದ, ಬೂದಿ ಮೆತ್ತಿದಂತಹ ಗರಿಗಳು. ಎಲ್ಲವೂ ಒಂದೇ ಅಚ್ಚು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಒಂದೊಂದನ್ನೇ ನೋಡಿದಳು. ಕುಂಟುವ ಒಂದು ಕಂಡಿತು. ನೋಡಿದರೆ ಅದು ಒಂದೇ ಕಾಲಿನಲ್ಲಿ ನಿಂತಿತ್ತು ಅಷ್ಟೆ, ಅಕ್ಕಪಕ್ಕದವೂ ಹಾಗೇ ನಿಂತಿದ್ದವು. ಬಾಯಿಂದ ಒಮ್ಮೆ, ಮೀನು ತಿನ್ನಿಸುವಾಗ ಮಾಡುತ್ತಿದ್ದ ಹಾಗೆ, ಲೊಚಲೊಚ ಸದ್ದು ಮಾಡಿದಳು. ಯಾವುದೂ ತಿರುಗಿ ನೋಡಲಿಲ್ಲ.

"ಯಾವ್ದೇ ನಿಂದು?" ಎಂದ ಗೌರೀಶಂಕರ.

"ನಂದೆಂತದು? ಎಲ್ಲ ಪಂಚಾಯ್ತೀವು," ಎಂದಳು ಅವಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಹಡಿಯ ಮೇಲೆ ಆ ವರ್ಷದ ಕೊನೆಯ ಹಪ್ಪಳ ಹರವಿದ್ದಳು. ಬೇಗ ಗಾಡಿ ತಿರುಗಿಸಿ ಎಂದು ಗಂಡನ ಬೆನ್ನು ತಟ್ಟಿದಳು.